ಗೋಲಗುಮ್ಮಟದವನೂ ನೀಲಿ ಟೈಲೂ

ನಂಬದಿದ್ದರೆ ಬಿಡಿ, ನನಗೇನೂ ನಷ್ಟವಿಲ್ಲ. ಐರ್ಲೆಂಡಿನ ಗಾಲ್ವೇ ಊರಿನ ಬಾಡಿಗೆ ಮನೆಯಲ್ಲಿ ಕೂತೇ ನಾನು ಇಸ್ಫಹಾನದ ಮಹಾಚೌಕ ಸುತ್ತಿ ಬಂದವನು. ಮನೆಯ ಮಾಲೀಕರು ಇಸ್ಫಹಾನದಿಂದ ಬಂದ ಇರಾನಿ ಅಜ್ಜ. ಅವರೂ ಮಗಳೂ ಕೆಳಗೆ, ನಾನು ಮೇಲೆ. ಅವರ ಅಡುಗೆಮನೆಯ ಕಿಟಕಿಯಲ್ಲಿ ಊರಿಂದ ತಂದ ನೀಲಿ ಟೈಲೊಂದಿದೆ. ಅಪರೂಪಕ್ಕೆ ಬಿಸಿಲು ಬಿದ್ದರೆ ಅದರ ಹೊಳಪು ಗೋಡೆ ಮೇಲೆ ತೇಲುತ್ತದೆ. ನಾನು ಕೆಲಸಕ್ಕೆ ಹೋಗುವ ಪಾರ್ಕ್‌ಮೋರ್ ಬಸ್ಸು ಮರೆತು, ಆ ಚೌಕದ ಮಸೀದಿಯ ಗುಮ್ಮಟದ ಕೆಳಗೆ ನಿಂತುಬಿಡುತ್ತೇನೆ. ಆ ಟೈಲ್ ನನಗೆ ಬೇಕಿತ್ತು. ಅದರ ಆಸೆಯಲ್ಲಿ ಇಂಥವು ಆಗುತ್ತಲೇ ಇದ್ದವು.

೧. ಪ್ರತಿಧ್ವನಿ

"ನಮ್ಮ ಮಸೀದಿಯ ಗುಮ್ಮಟದ ಕೆಳಗೆ ಕಪ್ಪು ಕಲ್ಲಿದೆ. ಅಲ್ಲಿ ನಿಂತು ಚಪ್ಪಾಳೆ ತಟ್ಟಿದರೆ ಗುಮ್ಮಟವೂ ತಟ್ಟುತ್ತದೆ" ಅಂದರು ಅಜ್ಜ. ಅವರ ಕಣ್ಣು ಆಗಲೇ ಅಲ್ಲಿತ್ತು.

ವಿಜಯಪುರದ ಪಕ್ಕದ ಹಳ್ಳಿಯವನ ಮುಂದೆ ಈ ಮಾತೇ? "ನಮ್ಮ ಗೋಲಗುಮ್ಮಟ ಏಳು ಸಲ ಹೇಳುತ್ತದೆ, ಅಜ್ಜಾ."

"ನೀನು ಬೆಳೆದದ್ದು ಅಲ್ಲೇನಾ?"

"ಹೂಂ."

"ಅದಕ್ಕೇ ಎಲ್ಲವನ್ನೂ ಏಳು ಸಲ ಹೇಳುತ್ತೀಯ."

೨. ಓರೆ

ಆ ಮಸೀದಿಯ ಹೆಬ್ಬಾಗಿಲು ಚೌಕಕ್ಕೆ ನೇರ. ಒಳಗೆ ಕಾಲಿಟ್ಟರೆ ಕಟ್ಟಡ ಮೆಕ್ಕಾದ ಕಡೆ ಓರೆಯಾಗಿ ತಿರುಗುತ್ತದಂತೆ. "ಸಂತೆಯ ಗದ್ದಲ ಹಿಂದೆಯೇ ಉಳಿಯುತ್ತದೆ. ಮುಂದೆ ಆಕಾಶವೇ ಇಳಿದು ನಿಂತ ಹಾಗೆ" ಅಂದರು ಅಜ್ಜ.

ಅವರನ್ನು ಒಲಿಸಿಕೊಳ್ಳಲು ಹೊಸ ಕಪಾಟು ಜೋಡಿಸಿಕೊಟ್ಟೆ. ಜೋಡಿಸುವ ಬಗೆ ಓದಿ ತಿಳಿದುಕೊಳ್ಳುವುದು ನನ್ನಂಥವನಿಗೆ ಅವಮಾನ. ಕಪಾಟು ಸೊಟ್ಟಗೆ ನಿಂತಿತು.

"ಇದೂ ಮೆಕ್ಕಾ ಕಡೆ ತಿರುಗಿದೆ ಅಜ್ಜಾ" ಅಂದೆ.

ಅಜ್ಜ ಕಿಟಕಿಯಾಚೆ ದಿಕ್ಕು ನೋಡಿದರು. "ಇಲ್ಲಪ್ಪ, ಬಚ್ಚಲ ಕಡೆ."

೩. ಬೇಡ

ಒಂದು ಬೆಳಿಗ್ಗೆ ಟೈಲನ್ನು ಬಾಯ್ತುಂಬ ಹೊಗಳಿದೆ. "ನಿನ್ನದೇ, ತಗೋ" ಅಂದರು ಅಜ್ಜ. ತಗೊಂಡು ಮೇಲೆ ಹೋದೆ.

ಹಿಂದೆಯೇ ಮಗಳು ಬಂದಳು. "ಅದು ನಮ್ಮ ಕಡೆಯ ಉಪಚಾರದ ಮಾತು ಕಣೋ. ಮೂರು ಸಲ ಬೇಡ ಅನ್ನಬೇಕು. ಆಮೇಲೂ ಕೊಟ್ಟರೆ ನಿಜವಾಗಿ ಕೊಟ್ಟರು ಅಂತ."

ಬೇಡ ಅನ್ನುವುದನ್ನು ನನಗೇ ಕಲಿಸುತ್ತಾಳೆ! ಹೊಟ್ಟೆ ಚುರುಗುಟ್ಟುತ್ತಿದ್ದರೂ ಬೇಡ ಬೇಡ ಅಂತಲೇ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುವ ಊರು ನಮ್ಮದು. ಕೆಳಗಿಳಿದು ಟೈಲನ್ನು ಕಿಟಕಿಯಲ್ಲಿಟ್ಟೆ.

"ತಗೋ ಮಗನೇ."

"ಬೇಡ ಅಜ್ಜಾ."

"ನನ್ನ ಸಂತೋಷಕ್ಕೆ."

"ಛೇ, ಬೇಡ."

"ನೀನೂ ಈ ಮನೆಯವನೇ ತಾನೇ?"

ಎದೆಗೆ ಕೈಯಿಟ್ಟು, ಕಣ್ಣು ಅರ್ಧ ಮುಚ್ಚಿ ಮತ್ತೆ ಬೇಡ ಅಂದೆ.

ಅಜ್ಜ ಟೈಲನ್ನು ಒರೆಸಿ ನನ್ನ ಕೈಗೇ ಇಟ್ಟರು. ಅಂಗೈ ತುಂಬ ನೀಲಿ. ಇಡೀ ಚೌಕ ಅದರಲ್ಲಿ ತೇಲುತ್ತಿತ್ತು. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ನಮ್ಮೂರ ಮರ್ಯಾದೆ ಒಂದು ಕೈ ಮೇಲೆ ಅಂತ ತೋರಿಸಬೇಕಲ್ಲ? ಇಲ್ಲಿಯವರು ಬೇಡ ಅನ್ನುವ ಹಾಗೆ, ನಾಲ್ಕನೆಯ ಸಲ "ಐ ಆ್ಯಮ್ ಗ್ರ್ಯಾಂಡ್" ಅಂದೆ.

"ಎಂಥ ಒಳ್ಳೆ ಹುಡುಗ" ಎಂದು ಅಜ್ಜ ಟೈಲನ್ನು ಮತ್ತೆ ಕಿಟಕಿಗೆ ಒರಗಿಸಿದರು.

ನನಗೆ ಕೊಟ್ಟದ್ದು ಒಂದು ಲೋಟ ಚಹಾ.