ಕೆರೆಯ ಕೆಸರೂ ಬಸಪ್ಪ ಕಾಕಾನ ಧೋತರವೂ

ಅರವತ್ತರ ದಶಕದ ಆರಂಭ. ನಾನಾಗ ಧಾರವಾಡದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಮಾಳಮಡ್ಡಿಯ ನಮ್ಮ ಮನೆಯ ಹಿಂದೆಯೇ ರೈಲು ಹಳಿ. ನನ್ನ ಹೆಂಡತಿ ಗಿರಿಜಾ ಮಾಳಿಗೆಯ ಮೇಲೆ ಹಪ್ಪಳ ಒಣಹಾಕಿದರೆ ಸಾಕು, ಕಲ್ಲಿದ್ದಲ ಇಂಜಿನ್ನು ಬಂದು ಎಳ್ಳು ಉದುರಿಸಿದಂತೆ ಮಸಿ ಉದುರಿಸಿ ಹೋಗುತ್ತಿತ್ತು.

ಪಕ್ಕದ ಮನೆಯ ಬಸಪ್ಪ ಕಾಕಾ ಇಂಜಿನ್ ಓಡಿಸಿ ನಿವೃತ್ತರಾದವರು. ಈ ಮಾತನ್ನು ಸುತರಾಂ ಒಪ್ಪರು.

"ಅದು ನಿನ್ನ ಒಲಿ ಮಸಿ ಐತವ್ವಾ. ನಮ್ಮ ಇಂಜಿನ್ನಿಗೆ ಯಾಕ ಬೈತಿ?"

ಗಿರಿಜಾಳಿಗೆ ಸಿಟ್ಟು ಬಂತು. ಎರಡೂ ಮನೆಗಳ ನಡುವೆ ಮಾತು ನಿಂತಿತು.

ನಾನು ವಿಜ್ಞಾನದ ಮನುಷ್ಯ. ತೀರ್ಪು ಕೊಡುವುದು ನನ್ನ ಕರ್ತವ್ಯವೆಂದು ಭಾವಿಸಿದೆ. ಕೆರೆಯ ತಳದಲ್ಲಿ ವರ್ಷವರ್ಷವೂ ಕೆಸರು ಪದರಪದರವಾಗಿ ಕೂಡುತ್ತದೆ. ಗಾಳಿಯ ಮಸಿಯೂ ಅದರಲ್ಲಿ ಸೇರುತ್ತದೆ. ಅಂದಮೇಲೆ ಕೆಳಗಿನ ಹಳೆಯ ಕೆಸರು ತಿಳಿ ಬಣ್ಣದ್ದಾಗಿ, ರೈಲು ಬಂದ ಮೇಲಿನದು ಕಪ್ಪಾಗಿ ಇರಲೇಬೇಕು!

ಪ್ರಯೋಗಾಲಯದ ದಪ್ಪ ಗಾಜಿನ ಕೊಳವೆ ಹಿಡಿದು ಊರಾಚೆಯ ಹಳೆಯ ಕೆರೆಗೆ ಇಳಿದೆ. ಕೊಳವೆ ಕೆಸರಿಗೆ ಹೋಯಿತು. ಹಿಂದೆಯೇ ನಾನೂ ಹೋದೆ! ಎಮ್ಮೆ ತೊಳೆಯಲು ಬಂದವರು ಹಗ್ಗ ಎಸೆದು ನನ್ನನ್ನು ಎಳೆದರು. ಕೊಳವೆ ಮಾತ್ರ ಬಿಟ್ಟಿರಲಿಲ್ಲ. ಎರಡೂ ಬಾಯಿಗೆ ಬೂಚು ಜಡಿದು, ಸೈಕಲ್ಲಿಗೆ ಕಟ್ಟಿ ಮನೆಗೆ ತಂದೆ.

ಸಂಜೆ ನಮ್ಮ ಕಟ್ಟೆಯ ಮುಂದೆ ಓಣಿಯವರೆಲ್ಲ ಸೇರಿದರು. ಕಾಕಾ ಬಿಳಿ ಧೋತರ ಉಟ್ಟು ಮುಂದೆಯೇ ಕೂತರು. ನಾನು ಕೊಳವೆ ನಿಲ್ಲಿಸಿದೆ.

"ನೋಡ್ರಿ, ಕೆಳಗ ನಮ್ಮ ಮುತ್ಯಾನ ಕಾಲ, ಮ್ಯಾಲೆ ನಮ್ಮ ಕಾಲ."

ಕಾಕಾ ಕನ್ನಡಕ ಏರಿಸಿದರು.

"ಮಾಸ್ತರ, ಮುತ್ಯಾನ ಕಾಲದ್ದು ಕರ್ರಗ ಐತಿ. ನಮ್ಮ ಕಾಲದ್ದು ತಿಳಿ ಐತಿ. ಅಂದರ ರೈಲು ಬಂದು ಹವಾ ಸ್ವಚ್ಛ ಮಾಡೇತಿ. ಖರೇ ಹೌದಿಲ್ರಿ?"

ಓಣಿಯೇ ಚಪ್ಪಾಳೆ ತಟ್ಟಿತು!

ಗಿರಿಜಾ ಬಗ್ಗಿ ನೋಡಿ ಪಿಸುಗುಟ್ಟಿದಳು. "ರೀ, ಮ್ಯಾಲಿರಬೇಕಾದ ಹಸರು ಪಾಚಿ ತಳದಾಗ ಐತಿ. ಕೊಳವಿ ತಲಿಕೆಳಗ ಹಿಡದೀರಿ!"

ಗಡಬಡಿಸಿ ತಿರುಗಿಸಿದೆ. ಬೂಚು ಕಳಚಿತು. ಮುತ್ಯಾನಿಂದ ಮೊಮ್ಮಗನವರೆಗಿನ ಅಷ್ಟೂ ಕಾಲ ಒಂದೇ ಸಲಕ್ಕೆ ಕಾಕಾನ ಮಡಿಲಿಗೆ ಇಳಿಯಿತು!

ಕಾಕಾ ತಮ್ಮ ಧೋತರವನ್ನೇ ನೋಡುತ್ತ ಶಾಂತವಾಗಿ ಕೇಳಿದರು.

"ಈಗ ಯಾವುದು ಯಾವ ಕಾಲದ್ದು, ತೋರಸ್ರಿ ಮಾಸ್ತರ."

ಮೊದಲು ಗಿರಿಜಾ ನಕ್ಕಳು. ಆಮೇಲೆ ಕಾಕಾ. ನಿಂತುಹೋಗಿದ್ದ ಮಾತು ಅಂದೇ ಮತ್ತೆ ಶುರುವಾಯಿತು, ಹೆಚ್ಚಾಗಿ ನನ್ನ ಬಗ್ಗೆಯೇ!

ಕೆಸರನ್ನು ಬಾಚಿ ಹಿತ್ತಲ ಮಲ್ಲಿಗೆಯ ಬುಡಕ್ಕೆ ಹಾಕಿದೆ. ಗಿಡ ಮೈತುಂಬ ಹೂ ಬಿಟ್ಟಿತು. ನನ್ನ ಸಂಶೋಧನೆಗೆ ಸಿಕ್ಕ ಫಲ ಅದೊಂದೇ. ಅದನ್ನೂ ಕಾಕಾ, "ನಮ್ಮ ಇಂಜಿನ್ ಮಸಿ ಗೊಬ್ಬರ ಆತು ನೋಡ್ರಿ" ಎಂದು ಓಣಿತುಂಬ ಹೇಳಿಕೊಂಡು ತಿರುಗಿದರು. ನಾನೂ ತಲೆಯಾಡಿಸಿದೆ.

ಹಾಗಂದರೆ ಕೆರೆಯಲ್ಲಿ ಇಂಜಿನ್ನಿನ ಮಸಿ ಇತ್ತೆಂದು ಅವರೇ ಒಪ್ಪಿದಂತಾಯಿತಲ್ಲ! ಇದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ನಂತರ, ಆ ಹಳಿಯ ಮೇಲೆ ಡೀಸೆಲ್ ಇಂಜಿನ್ ಓಡತೊಡಗಿದ ಮೇಲೆ.