ಸೋಮಮ್ಮ ನಾಡಿ ಎಣಿಸಿದ್ದು

ಡಾಕ್ಟರು ಬಸವರಾಜು ಹುಣಸೂರಿನ ಸೋಮಮ್ಮನಿಗೆ ಕೊಟ್ಟದ್ದು ಒಂದು ಸಣ್ಣ ಸೀಸೆ ಮಾತ್ರೆ ಮತ್ತು ಒಂದು ದೊಡ್ಡ ಕೆಲಸ. ಅವಳ ಏಳು ವರ್ಷದ ಮಗ ಚಿಕ್ಕಮಾದು ಒಗ್ಗರಣೆಯ ಸಾಸಿವೆಯಂತೆ ಸಿಡಿಯುವವನು. ಕೂತಲ್ಲಿ ಕೂರದಿದ್ದರೆ ಹೆಸರು ಹೊಡೆದುಹಾಕುತ್ತೇನೆಂದು ಶಾಲೆಯ ಮೇಷ್ಟ್ರು ಹೇಳಿದ್ದರು. ಸೀಮೆಯಿಂದ ಹಡಗಿನಲ್ಲಿ ಬಂದ ಆ ಹೊಸ ಮಾತ್ರೆ ನುಂಗಿದ ಮೂರನೆಯ ದಿನಕ್ಕೇ ಹುಡುಗ ಮಗ್ಗಿ ಪುಸ್ತಕದ ಮುಂದೆ ಒರಳುಕಲ್ಲಿನಂತೆ ಕೂತುಬಿಟ್ಟ.

"ಕೆಲವು ಮಕ್ಕಳಿಗೆ ಇದು ಎದೆಬಡಿತ ಏರಿಸುತ್ತೆ. ದಿನಾ ನಾಡಿ ಎಣಿಸಿ. ನಿಮಿಷಕ್ಕೆ ನೂರಿಪ್ಪತ್ತು ದಾಟಿದರೆ ಮಾತ್ರೆ ನಿಲ್ಲಿಸಿ, ಕರೆತನ್ನಿ" ಎಂದಿದ್ದರು ಡಾಕ್ಟರು.

ಅಂದು ಭಾನುವಾರ. ಪಕ್ಕದ ಮನೆಯ ದರ್ಜಿ ಪೀರ್ ಸಾಬ್ ಜೇಬುಗಡಿಯಾರ ಹಿಡಿದು ಕೂತರು. ಸೋಮಮ್ಮ ಹಾಲು ಕರೆಯುವವಳಂತೆ ಮಗನ ಮಣಿಕಟ್ಟಿಗೆ ಹೆಬ್ಬೆರಳು ಒತ್ತಿ ಎಣಿಸಿದಳು. ತೊಂಬತ್ತಾರು.

"ನಿನ್ನೆ ಎಷ್ಟಿತ್ತೆ?" ಎದುರುಮನೆಯ ಕೆಂಪಾಜಮ್ಮ ಕೇಳಿದಳು.

"ಎಂಬತ್ತೆಂಟು ಕಣಕ್ಕ."

"ಅಂಗಾರೆ ಏರ್ತಾ ಅದೆ ಬುಡು. ನಮ್ಮಣ್ಣನ ಎತ್ತೂ ಇಂಗೇಯ, ನಿಂತಂಗೇ ಎದೆ ಒಡ್ಕಂಡು ಬಿತ್ತು."

ಸೋಮಮ್ಮ ಮತ್ತೆ ಎಣಿಸಿದಳು. ನೂರೆಂಟು. ಮಗನಿಗೆ ಮಜ್ಜಿಗೆ ಕುಡಿಸಿ ಎಣಿಸಿದಳು. ನೂರ ಹದಿನೆಂಟು.

"ನಂಗೇನೂ ಆಗಿಲ್ಲ ಕಣವ್ವ" ಎಂದ ಚಿಕ್ಕಮಾದು, ಪುಸ್ತಕದಿಂದ ತಲೆಯೆತ್ತದೆ.

"ನಮ್ಮ ಗಡಿಯಾರ ಸುಳ್ಳು ಹೇಳಾಕಿಲ್ಲ ಸೋಮಮ್ಮ" ಎಂದರು ಪೀರ್ ಸಾಬ್.

ಇನ್ನು ಮೂರೇ ಮೂರು ಏರಿದರೆ ಮಾತ್ರೆಯೂ ಇಲ್ಲ, ಶಾಲೆಯೂ ಇಲ್ಲ. ಮಾತ್ರೆ ನಿಲ್ಲಿಸದಿದ್ದರೆ ಮಗನ ಎದೆಯೇ ಉಳಿಯದು. ಹೀಗೆಂದುಕೊಂಡು ಎಣಿಸುವಷ್ಟರಲ್ಲಿ ನೂರಿಪ್ಪತ್ತಾರು.

ಅವಳು ಮಗನನ್ನು ಸೊಂಟಕ್ಕೇರಿಸಿಕೊಂಡು ಓಡಿದಳು. ಹಿಂದೆ ಗಡಿಯಾರದೊಡನೆ ಪೀರ್ ಸಾಬ್, ಅವರ ಹಿಂದೆ ಎತ್ತಿನ ಕತೆಯೊಡನೆ ಕೆಂಪಾಜಮ್ಮ. ಸೊಂಟದ ಮೇಲೆ ಕುಲುಕುತ್ತಲೇ ಹುಡುಗ ಏಳರ ಮಗ್ಗಿ ಮುಗಿಸಿದ.

ಡಾಕ್ಟರು ಎಣಿಸಿದರು. "ತೊಂಬತ್ತು. ಒಂದಿಷ್ಟು ಏರಿದೆ, ಭಯವಿಲ್ಲ. ನೀವು ಹೇಗೆ ಎಣಿಸಿದಿರಿ, ತೋರಿಸಿ."

ಸೋಮಮ್ಮ ತೋರಿಸಿದಳು. ಡಾಕ್ಟರು ಮೀಸೆಯ ಮರೆಯಲ್ಲಿ ನಕ್ಕರು.

"ಹೆಬ್ಬೆರಳಲ್ಲೂ ನಾಡಿ ಮಿಡಿಯುತ್ತಮ್ಮ. ಬೆಳಗಿನಿಂದ ನೀವು ಎಣಿಸಿದ್ದು ನಿಮ್ಮದನ್ನೇ." ಅವಳ ಕೈ ಹಿಡಿದು ನೋಡಿದರು, ನೂರ ಮೂವತ್ತೆರಡು. ನಗು ನಿಂತಿತು. "ಹುಡುಗ ನಾಳೆ ಶಾಲೆಗೆ ಹೋಗಲಿ. ನೀವು ಹೋಗಿ ಮಲಗಿ. ಎಂಬತ್ತಕ್ಕೆ ಇಳಿಯೋವರೆಗೂ ಏಳಬೇಡಿ. ಯಾರಾದರೂ ಎಣಿಸ್ತಿರಲಿ."

"ನಾನು ಎಣಿಸ್ತೀನಿ" ಎಂದ ಚಿಕ್ಕಮಾದು. ಡಾಕ್ಟರು ಅವನಿಗೆ ಎರಡು ಬೆರಳು ಇಡುವುದನ್ನು ಕಲಿಸಿದರು.

ಮನೆಯಲ್ಲಿ ಸೋಮಮ್ಮ ಚಾಪೆ ಹಿಡಿದಳು. ಕೆಂಪಾಜಮ್ಮ ಒಲೆಯ ಮೇಲೆ ಸಾರಿಟ್ಟು, ಬೀದಿಗೆಲ್ಲ ಸುದ್ದಿ ಹೇಳಲು ಹೋದಳು. ಪೀರ್ ಸಾಬ್ "ಒಂದು ನಿಮಿಷ ಆಯ್ತು ಕಣಪ್ಪ" ಎಂದು ಮೂರು ಸಲ ಹೇಳಿ, ಹುಡುಗ ಎಣಿಕೆ ನಿಲ್ಲಿಸದಿದ್ದಾಗ ಗಡಿಯಾರ ಜೇಬಿಗಿಳಿಸಿ ಎದ್ದುಹೋದರು. ಅಡುಗೆಮನೆಯಿಂದ ಸೀದ ವಾಸನೆ ಬಂತು.

"ಕೈ ಬುಡ್ಲಾ ಮಗ, ಸಾರು ತಳ ಇಡೀತು."

"ಸುಮ್ಕಿರವ್ವ, ಇನ್ನೂ ಎಂಬತ್ತಕ್ಕೆ ಇಳ್ದೇ ಇಲ್ಲ" ಎಂದ ಚಿಕ್ಕಮಾದು, ಹಿಡಿತ ಬಿಗಿಮಾಡಿ. "ಸಾವಿರದ ಮುನ್ನೂರ ಆರು, ಸಾವಿರದ ಮುನ್ನೂರ ಏಳು…"