ಮಾವ ಮಾಡಿದ ವಿಚಾರಣೆ

ನಮ್ಮ ಸೋದರಮಾವ ಹೊಗಳುವಂಥ ಮನುಷ್ಯ ಇನ್ನೂ ಹುಟ್ಟಿಲ್ಲ! ನಮ್ಮೂರು ಜಡೆಯ ಸುತ್ತಮುತ್ತ ಯಾರ ಮನೆಯಲ್ಲಿ ಮದುವೆಯ ಮಾತೆದ್ದರೂ ಗಂಡಿನ ವಿಚಾರಣೆಗೆ ಹೋಗುತ್ತಿದ್ದವರು ಇವರೇ. ಹುಡುಗನ ಊರಿನ ಹೋಟೆಲು, ಕಟಿಂಗ್ ಶಾಪು, ಹಾಲಿನ ಡೈರಿ ಸುತ್ತಿ ಬಂದು ಒಂದೇ ಪದದಲ್ಲಿ ತೀರ್ಪು ಕೊಡುತ್ತಿದ್ದರು: ಜಿಪುಣ. ಸೋಮಾರಿ. ಅಲ್ಲಿಗೆ ಆ ಸಂಬಂಧ ಮುಗಿಯಿತು.

ಹೊಸಬಾಳೆ ಊರಿನ ಮೇಷ್ಟ್ರೊಬ್ಬರನ್ನು ನಾನು ಮೆಚ್ಚಿದಾಗಲೂ ಹೋಗಿ ಬಂದರು. "ಮುಂಗೋಪಿ" ಎಂದರು. ನಮ್ಮಪ್ಪನಿಗೆ ಅಷ್ಟೇ ಸಾಕಾಯಿತು. ಮೇಷ್ಟ್ರು ಬೇರೆ ಮದುವೆಯಾದರು, ನಾನು ಆಗಲೇ ಇಲ್ಲ.

ಈಗ ಶಿಕಾರಿಪುರದ ಕಾಲೇಜಿನಲ್ಲಿ ಹಳೆಯ ಪ್ರೇಮ ದುರಂತ ನಾಟಕವೊಂದನ್ನು ಪಾಠ ಮಾಡುತ್ತೇನೆ. ಹೇಗಿದೆ ಹಣೆಬರಹ! 'ನಾಯಕನ ಗುಣಸ್ವಭಾವ ವಿವರಿಸಿ' ಎಂದರೆ ಮಕ್ಕಳು ಗೈಡ್ ನೋಡಿಕೊಂಡು ಬರೆಯುತ್ತಾರೆ: ಧೀರ, ಉದಾರಿ, ಮುಂಗೋಪಿ. ಆ ಮೂರನೆಯ ಪದಕ್ಕೆ ನಾನು ಇಂದಿಗೂ ಅಂಕ ಕೊಟ್ಟಿಲ್ಲ.

ಮನೆಗೆ ಬಂದಾಗಲೆಲ್ಲ ಮಾವ ಆ ನಾಟಕ ಹಿಡಿದು ಕೂರುತ್ತಾರೆ.

"ಹುಡುಗನ ಕಸುಬು ಏನು? ಎಲ್ಲೂ ಬರ್ದಿಲ್ವಲ್ಲೇ!"

"ಪ್ರೀತಿ ಮಾಡೋದೇ ಕಸುಬು, ಮಾವ."

"ಹಂಗಾದ್ರೆ ಸತ್ತಿದ್ದೇ ಒಳ್ಳೇದಾತು ಬಿಡು."

ನಾಯಕಿಗೆ ಆತುರ, ಅವಳಪ್ಪನಿಗೆ ಜಂಭ, ಸಖಿಗೆ ಬಾಯಿ ಜಾಸ್ತಿ. ಎಲ್ಲರೂ ಫೇಲು! ಮೊನ್ನೆ ಮಾತ್ರ ಒಬ್ಬ ಆಳಿನ ಹತ್ತಿರ ನಿಂತುಬಿಟ್ಟರು. ಮೂರ್ಛೆ ಹೋದ ನಾಯಕಿಯನ್ನು ದೂರದಿಂದ ಕಂಡು, ಹತ್ತಿರ ಹೋಗಿ ನೋಡದೆ, ಸತ್ತಳೆಂದು ನಾಯಕನಿಗೆ ಸುದ್ದಿ ಒಯ್ಯುವವನು ಅವನು. ಅದನ್ನು ನಂಬಿಯೇ ನಾಯಕ ವಿಷ ಕುಡಿಯುತ್ತಾನೆ.

"ಇವನ ಗುಣ ಏನಂತ ಬರೀತಾರೆ ಮಕ್ಳು?"

"ಇವನ ಮೇಲೆ ಪ್ರಶ್ನೆ ಬರಲ್ಲ ಮಾವ."

"ಬರ್ಬೇಕು." ಕನ್ನಡಕ ತೆಗೆದರು. "ಹೊಸಬಾಳೆಗೆ ನಾನು ಹೋಗ್ಲೇ ಇಲ್ಲ ಮಾರಾಯ್ತಿ. ಸೊರಬದಲ್ಲಿ ಬಸ್ಸು ತಪ್ತು. ವಿಚಾರಿಸದೇ ಬಂದೆ ಅಂದ್ರೆ ಮರ್ಯಾದೆ ಹೋಗ್ತಿತ್ತು. ಬಾಯಿಗೆ ಬಂದಿದ್ದು ಹೇಳ್ದೆ."

ನನ್ನ ಬಾಳಿಗೆ ಅಡ್ಡ ಬಂದದ್ದು ಒಂದು ಬಸ್ಸು! ಜಾತಿಯೋ ಜಾತಕವೋ ಆಗಿದ್ದರೆ ಅಳುವುದಕ್ಕಾದರೂ ಒಂದು ಘನತೆ ಇರುತ್ತಿತ್ತು.

"ನೀನು ಹಿಂಗೇ ಉಳಿದ ಮೇಲೆ ಯಾರ ಮನೆ ವಿಚಾರಣೆಗೂ ಹೋಗಿಲ್ಲ ಕಣೇ," ಎಂದರು ಮಾವ. "ಈ ನಾಟಕದವರನ್ನ ಮಾತ್ರ ವಿಚಾರಿಸ್ತೀನಿ. ನಾನು ಏನಂದ್ರೂ ಇವರ ಬಾಳು ಇನ್ನು ಕೆಡೋದಿಲ್ಲ."

ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು. ಕ್ಷಮಿಸಿದೆನೆಂದು ಬರೆದರೆ ಸುಳ್ಳಾದೀತು. ಆದರೆ ಈ ಮುದುಕನನ್ನು ಬಿಟ್ಟರೆ ನನ್ನನ್ನು ನೋಡಲೆಂದೇ ನನ್ನ ಮನೆಗೆ ಬರುವವರು ಯಾರಿದ್ದಾರೆ?

"ಸಿಟ್ಟು ಬಂತೇನೇ?"

"ಬಂದಿದೆ ಮಾವ. ಮೊದಲು ಊಟಕ್ಕೆ ಏಳಿ," ಎಂದು ಕೈ ಚಾಚಿದೆ.